ಕೊಳದ ಪೈಪು ಕಾಣಬಾರದು, ಕೈಗೆ ಸಿಗಬೇಕು

ಕಲಬುರಗಿಯ ಹಿತ್ತಲಿನ ಕೊಳಕ್ಕೆ ಶಹಾಬಾದ್ ಫರ್ಸಿಗಿಂತ (ಚಪ್ಪಟೆ ಹಾಸುಗಲ್ಲು) ಒಳ್ಳೆಯ ಮರೆ ಬೇರೆ ಬೇಕಿಲ್ಲ. ಅಂಚಿನ ಕಲ್ಲು ನೀರಿನ ಕಡೆ 2 ಇಂಚು ಚಾಚಿರಲಿ. ಆ ನೆರಳಲ್ಲೇ ಪಂಪಿನ ಪೈಪು, ವೈರು ಎರಡೂ ಮರೆಯಾಗುತ್ತವೆ. ಬಿಳಿ ಪಿವಿಸಿ ಬೇಡ, ನಮ್ಮ ಬಿಸಿಲಿಗೆ ಪೆಡಸಾಗಿ ಒಡೆಯುತ್ತದೆ. ಕಪ್ಪು ಎಚ್‌ಡಿಪಿಇ (ಗಟ್ಟಿ ಪಾಲಿಥೀನ್) ಪೈಪು ಬಾಳಿಕೆ ಬರುತ್ತದೆ, ನೀರೊಳಗೆ ಕಣ್ಣಿಗೂ ಬೀಳುವುದಿಲ್ಲ.

ನೆಲದಡಿ ಒಯ್ಯುವಾಗ ತೊಂದರೆ ಕೊಡುವುದು ಎರೆಮಣ್ಣು. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಪೈಪಿನ ಜಾಯಿಂಟನ್ನೇ ಎಳೆದು ಬಿಡಿಸುತ್ತದೆ. ಒಂದೂವರೆ ಅಡಿ ತೋಡಿ, ಪೈಪಿನ ಕೆಳಗೂ ಮೇಲೂ 4 ಇಂಚು ಮರಳು ತುಂಬಿ. ವೈರಿಗೆ ಬೇರೆಯದೇ ಕೊಳವೆ, ಸ್ವಿಚ್ಚಿನ ಬಳಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿದುಹಾಕುವ ಬ್ರೇಕರ್) ಇರಲಿ. ಇದರಲ್ಲಿ ಉಳಿತಾಯ ಮಾಡಲೇಬೇಡಿ.

ಫಿಲ್ಟರ್ ಡಬ್ಬಿಯ ಮೇಲೆ ಗಾರೆ ಹಾಕದೆ, ಸಡಿಲವಾಗಿ ಒಂದು ಫರ್ಸಿ ಮುಚ್ಚಿ. ಸ್ಪಂಜು ತೊಳೆಯಲು ಅದನ್ನು ಒಬ್ಬರೇ ಎತ್ತುವಂತಿರಬೇಕು.