ಇವರ ಹತ್ರ ಕಾರಿಲ್ವಾ?

ಊರಿಂದ ಬಂದು ವಾರವಷ್ಟೇ ಆಗಿದ್ದ ಪಕ್ಕದ ಮನೆಯ ಹುಡುಗಿ ಮೊನ್ನೆ ಲಿಫ್ಟ್‌ನಲ್ಲಿ ಕೇಳಿದಳು: "ಕೆಳಗಡೆ ಇಷ್ಟು ಜಾಗ ಖಾಲಿ ಬಿಟ್ಟಿದ್ದಾರಲ್ಲ, ಇವರ ಹತ್ರ ಕಾರಿಲ್ವಾ?"

ಕಾರಿದೆ. ಅದಕ್ಕೆ ಬೇರೆಯೇ ಬಹುಮಹಡಿ ಕಟ್ಟಡವಿದೆ. ಸಿಂಗಪುರದ ಎಚ್‌ಡಿಬಿ (ಸರ್ಕಾರಿ ವಸತಿ ಮಂಡಳಿ) ಬ್ಲಾಕುಗಳಲ್ಲಿ ಕಂಬಗಳ ನಡುವಿನ ಈ ಬಯಲಿಗೆ ವಾಯ್ಡ್ ಡೆಕ್ ಅನ್ನುತ್ತಾರೆ. 1970ರ ದಶಕದಿಂದ ಬೇರೂರಿದ ರೂಢಿ. ಈ ವಾರ ಮಲಯ್ ಮದುವೆಯ ಊಟ ನಡೆದಲ್ಲೇ ಮುಂದಿನ ವಾರ ಚೀನೀಯರ ಮನೆಯ ಸಾವಿಗೆ ಶಾಮಿಯಾನ. ಎರಡಕ್ಕೂ ಬಡಾವಣೆ ನೋಡಿಕೊಳ್ಳುವ ಟೌನ್ ಕೌನ್ಸಿಲ್‌ನ ಅನುಮತಿ ಬೇಕು. ಉಳಿದ ದಿನ ಚದುರಂಗದ ಮನೆ ಬಿಡಿಸಿದ ಕಲ್ಲುಮೇಜು, ಅದರ ಸುತ್ತ ಮುದುಕರು. ಚೆಂಡಾಟಕ್ಕೆ ಮಾತ್ರ ಇಲ್ಲೂ ಬೋರ್ಡು ಹಾಕಿ ಗದರುತ್ತಾರೆ! ಹಳೇ ಬ್ಲಾಕುಗಳಲ್ಲಿ ಲಿಫ್ಟು ಕೆಲವೇ ಮಹಡಿಗಳಲ್ಲಿ ನಿಲ್ಲುತ್ತಿತ್ತು. 2001ರಲ್ಲಿ ಶುರುವಾದ ಯೋಜನೆಯಿಂದ ಮನೆಬಾಗಿಲಿಗೇ ಬರತೊಡಗಿದ ಮೇಲೆ ಮಂಡಿನೋವಿನ ಅಜ್ಜಿಯರಿಗೂ ಕೆಳಗಿಳಿಯುವುದು ಸಲೀಸಾಯಿತು.

ಇಂಥ ಕಟ್ಟಡಗಳಲ್ಲಿ ನೆಮ್ಮದಿ ಕೆಡುವುದು ಹೆಚ್ಚಾಗಿ ತಲೆ ಮೇಲಿನ ಮನೆಯ ಸದ್ದಿನಿಂದ. ಮಿಕ್ಸಿಯ ಅರಚಾಟವನ್ನು ಕಾಂಕ್ರೀಟು ಬಹುಮಟ್ಟಿಗೆ ತಡೆಯುತ್ತದೆ, ಅದರ ನಡುಕವನ್ನಲ್ಲ. ನಡುಕ ಅಡುಗೆಕಟ್ಟೆಯಿಂದ ಗೋಡೆಗೆ, ಗೋಡೆಯಿಂದ ಸ್ಲ್ಯಾಬಿಗೆ ಇಳಿಯುತ್ತದೆ. ಮಿಕ್ಸಿಯಡಿ ದಪ್ಪ ರಬ್ಬರ್ ಮ್ಯಾಟ್ ಹಾಸಿ, ಗೋಡೆಗೆ ತಾಗದಂತೆ ನಾಲ್ಕು ಬೆರಳು ಈಚೆಗಿಡಿ. ಕುರ್ಚಿಯ ಕಾಲಿಗೆ ಫೆಲ್ಟ್ (ಮೆತ್ತನೆ ದಪ್ಪ ಬಟ್ಟೆಯ ತುಂಡು) ಅಂಟಿಸುವ ಮುನ್ನ ಧೂಳು, ಜಿಡ್ಡು ಒರೆಸದಿದ್ದರೆ ಅದು ಬೇಗ ಜಾರಿ ಬರುತ್ತದೆ. ಸವೆದ ಫೆಲ್ಟಿನಲ್ಲಿ ಮರಳು ಸಿಕ್ಕಿಕೊಂಡರೆ ನೆಲ ಗೀಚುವುದೂ ಅದೇ. ಸದ್ದು ಓರೆಯಾಗಿಯೂ ಹರಿಯುವುದರಿಂದ ನೇರ ಮೇಲಿನ ಮನೆಯವರದೇ ತಪ್ಪು ಎನ್ನುವಂತಿಲ್ಲ; ಬಾಗಿಲು ತಟ್ಟುವ ಮುಂಚೆ ಒಂದೆರಡು ದಿನ ಸದ್ದಾಗುವ ಸಮಯ ಬರೆದಿಟ್ಟುಕೊಂಡರೆ ಮರ್ಯಾದೆ ಉಳಿಯುತ್ತದೆ.

ತುಳಸಿ ಕುಂಡವನ್ನು ಕಾರಿಡಾರಿನಲ್ಲಿಡುವವರು ಟೇಪು ಹಿಡಿದು ಅಳೆಯಲಿ. ಬೆಂಕಿ ಬಿದ್ದಾಗ ಓಡಲು 1.2 ಮೀಟರ್ ದಾರಿ ಬಿಟ್ಟಿರಲೇಬೇಕು. ಚಪ್ಪಲಿ ಗೂಡಿಗೂ ಇದೇ ಲೆಕ್ಕ.

ಆ ಹುಡುಗಿಯ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಅವಳು ಬೆಂಗಳೂರಲ್ಲಿ ನೋಡಿದ್ದೂ ಇಂಥವೇ ಕಂಬಗಳು. ನಡುವೆ ಹಳದಿ ಗೆರೆ, ಗೆರೆಯೊಳಗೆ ಫ್ಲ್ಯಾಟ್ ನಂಬರು. ಅಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ವಾಚ್‌ಮನ್ ಕೈಲಿ ಹೇಳಿಸಿ ಎರಡು ಕಾರು ಸರಿಸುತ್ತಾರೆ, ಆಮೇಲೆ ಆ ಆಯಿಲ್ ಕಲೆಯ ಮೇಲೆ ಚಾಪೆ ಹಾಸುತ್ತಾರೆ.