ಅನುಭವ ಪತ್ರ ಬರೆಸಿಕೊಂಡ ದಿನ

ಕೆನಡಾದ ಕಾಯಂ ನಿವಾಸ, ಅಂದರೆ ಇಲ್ಲಿ ಎಲ್ಲರ ಬಾಯಲ್ಲಿರುವ ಪಿ.ಆರ್., ಪಡೆಯಲು ಇರುವ ಹಲವು ದಾರಿಗಳಲ್ಲಿ ನಾನು ಹಿಡಿದದ್ದು ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್. 2008ರಲ್ಲಿ ಆರಂಭವಾಗಿ 2015ರಿಂದ ಎಕ್ಸ್‌ಪ್ರೆಸ್ ಎಂಟ್ರಿಯ, ಅಂದರೆ ಅರ್ಹರನ್ನು ಅಂಕದ ಮೇಲೆ ಆರಿಸಿ ಅರ್ಜಿಗೆ ಆಹ್ವಾನಿಸುವ ವ್ಯವಸ್ಥೆಯ, ಭಾಗವಾಗಿರುವ ಈ ವರ್ಗದಲ್ಲಿ, ಅರ್ಜಿಗೆ ಹಿಂದಿನ ಮೂರು ವರ್ಷಗಳೊಳಗೆ, ಕ್ರಮಬದ್ಧ ಪರವಾನಗಿಯೊಂದಿಗೆ, ಕೆನಡಾದಲ್ಲೇ ಕನಿಷ್ಠ ಒಂದು ವರ್ಷ ಕುಶಲ ಕೆಲಸವನ್ನು ಸಂಬಳಕ್ಕೆ ಮಾಡಿರಬೇಕು. ಗಂಟೆಯ ಲೆಕ್ಕದಲ್ಲಿ ಅದು 1,560, ಅಂದರೆ ವಾರಕ್ಕೆ 30 ಗಂಟೆಯಂತೆ 52 ವಾರ. ಬ್ಯಾಂಕಿನಲ್ಲಿ ಇಷ್ಟು ಹಣವಿದೆ ಎಂದು ತೋರಿಸಬೇಕಾಗಿಲ್ಲ. ಜಮೀನಿನ ಪತ್ರವನ್ನೋ ಸಾಲದ ಪತ್ರವನ್ನೋ ಊರಿನಿಂದ ತರಿಸಬೇಕಾಗಿಲ್ಲ. ತೋರಿಸಬೇಕಾದದ್ದು ಭಾಷಾ ಪರೀಕ್ಷೆಯ ಅಂಕವನ್ನು ಮತ್ತು ಮಾಡಿದ ಕೆಲಸವನ್ನು. ನನಗೆ ಕಷ್ಟವಾದದ್ದು ಎರಡನೆಯದು.

ನಾನು ಬೆಳಗಾವಿಯವನು. ತಂದೆಯವರು ಉದ್ಯಮಬಾಗದ ಮಷಿನ್ ಶಾಪ್‌ಗಳಲ್ಲಿ ಟರ್ನರ್ ಆಗಿ ದುಡಿದವರು. ನಾನು ಅಲ್ಲಿಯೇ ಟೂಲ್ ಅಂಡ್ ಡೈ ಡಿಪ್ಲೊಮಾ ಮುಗಿಸಿ, ಕೆಲವು ಕಾಲ ಕೆಲಸ ಮಾಡಿ, ಬಳಿಕ ಒಂಟಾರಿಯೊ ಪ್ರಾಂತ್ಯದ ವಿಂಡ್ಸರ್‌ಗೆ ಓದಲು ಬಂದೆ. ನದಿಯ ಆಚೆ ದಡದಲ್ಲಿ ಡೆಟ್ರಾಯಿಟ್ ಇರುವ ಈ ಊರು ಕಾರು ಉದ್ಯಮದೊಂದಿಗೆ ಬೆಳೆದದ್ದು. ಬಂಪರ್, ಡ್ಯಾಶ್‌ಬೋರ್ಡ್ ಮೊದಲಾದ ಪ್ಲಾಸ್ಟಿಕ್ ಭಾಗಗಳನ್ನು ಎರಕ ಹೊಯ್ಯುವ ಉಕ್ಕಿನ ಮೋಲ್ಡ್‌ಗಳನ್ನು ಇಲ್ಲಿನ ಅನೇಕ ಶಾಪ್‌ಗಳು ತಯಾರಿಸುತ್ತವೆ. ಓದು ಮುಗಿದ ಮೇಲೆ ಸಿಕ್ಕ ವರ್ಕ್ ಪರ್ಮಿಟ್‌ನಲ್ಲಿ ಅಂಥದೊಂದು ಶಾಪ್ ಸೇರಿದೆ. ಮೈಕ್ರಾನ್‌ಗಳಲ್ಲಿ ಯೋಚಿಸುತ್ತಿದ್ದವನು ಇಂಚಿನ ಸಾವಿರದೊಂದು ಭಾಗದಲ್ಲಿ, ಇಲ್ಲಿಯವರು ‘ಥೌ’ ಎನ್ನುವ ಅಳತೆಯಲ್ಲಿ, ಯೋಚಿಸಲು ಕಲಿತೆ. ಒಂದು ಥೌ ಎಂದರೆ 25.4 ಮೈಕ್ರಾನ್ ಎಂಬುದು ಈಗ ನಿದ್ದೆಯಲ್ಲಿ ಕೇಳಿದರೂ ಬರುತ್ತದೆ.

ತೊಡಕು ಇದ್ದದ್ದು ನನ್ನ ಹುದ್ದೆಯ ಹೆಸರಿನಲ್ಲಿ. ಶಾಪ್‌ನ ದಾಖಲೆಯಲ್ಲಿ ನಾನು ‘ಸಿಎನ್‌ಸಿ ಆಪರೇಟರ್’, ಅಂದರೆ ಕಂಪ್ಯೂಟರ್ ನಿಯಂತ್ರಿತ ಯಂತ್ರ ನಡೆಸುವವನು. ಕೆನಡಾ ಸರ್ಕಾರವು ಎಲ್ಲ ಉದ್ಯೋಗಗಳಿಗೂ ಸಂಕೇತ ಸಂಖ್ಯೆ ಕೊಟ್ಟು, ಅವನ್ನು 0ಯಿಂದ 5ರವರೆಗಿನ ಮಟ್ಟಗಳಲ್ಲಿ ಇಟ್ಟಿದೆ. 0ಯಿಂದ 3ರವರೆಗಿನವು ಮಾತ್ರ ಈ ವರ್ಗದ ಮಟ್ಟಿಗೆ ಕುಶಲ ಕೆಲಸ. ಮಷಿನಿಸ್ಟ್‌ನ ಸಂಖ್ಯೆ 72100, ಅದು ಎರಡನೆಯ ಮಟ್ಟದ್ದು. ಮಷಿನ್ ಆಪರೇಟರ್‌ನ ಸಂಖ್ಯೆ 94106, ಅದು ನಾಲ್ಕನೆಯ ಮಟ್ಟದ್ದು. ಇಬ್ಬರೂ ಒಂದೇ ಸೂರಿನಡಿ, ಕೆಲವೊಮ್ಮೆ ಒಂದೇ ಯಂತ್ರದ ಮುಂದೆ ನಿಲ್ಲುತ್ತಾರೆ. ಆದರೆ ಒಬ್ಬನ ಗಂಟೆಗಳು ಪಿ.ಆರ್.ಗೆ ಎಣಿಕೆಯಾಗುತ್ತವೆ, ಇನ್ನೊಬ್ಬನವು ಆಗುವುದಿಲ್ಲ. ಸಮಾಧಾನದ ಸಂಗತಿಯೆಂದರೆ, ವಲಸೆ ಅಧಿಕಾರಿ ನೋಡುವುದು ಹುದ್ದೆಯ ಹೆಸರನ್ನಲ್ಲ, ಮಾಡಿದ ಕೆಲಸವನ್ನು: ಆ ಸಂಖ್ಯೆಯ ಕೆಳಗೆ ಪಟ್ಟಿಮಾಡಿರುವ ಮುಖ್ಯ ಕರ್ತವ್ಯಗಳಲ್ಲಿ ಗಣನೀಯ ಭಾಗವನ್ನು ಅರ್ಜಿದಾರ ನಿಜವಾಗಿ ನಿರ್ವಹಿಸಿದ್ದಾನೆಯೇ ಎಂಬುದನ್ನು. ಮತ್ತು ಅದನ್ನು ಅಧಿಕಾರಿ ತಿಳಿಯುವುದು ಬಹುಮಟ್ಟಿಗೆ ಉದ್ಯೋಗದಾತ ಕೊಡುವ ಅನುಭವ ಪತ್ರದಿಂದ.

ಕಚೇರಿಯಿಂದ ಮೊದಲು ಸಿಕ್ಕ ಪತ್ರದಲ್ಲಿ ನಾನು ಇಂಥ ದಿನಾಂಕದಿಂದ ಸಿಎನ್‌ಸಿ ಆಪರೇಟರ್ ಆಗಿದ್ದೇನೆ, ನನ್ನ ನಡತೆ ಚೆನ್ನಾಗಿದೆ ಎಂದಷ್ಟೇ ಇತ್ತು. ಆದರೆ ಅರ್ಜಿಗೆ ಬೇಕಾದ ಪತ್ರದಲ್ಲಿ ಸಂಸ್ಥೆಯ ವಿಳಾಸ, ಹುದ್ದೆ, ಅವಧಿ, ವಾರದ ಗಂಟೆಗಳು, ಸಂಬಳ, ಸೌಲಭ್ಯಗಳು, ಕರ್ತವ್ಯಗಳು, ಮೇಲಧಿಕಾರಿಯ ಹೆಸರು ಮತ್ತು ಸಹಿ ಎಲ್ಲವೂ ಇರಬೇಕು. ನಾನು ಫೋರ್‌ಮನ್ ಬಳಿ ಹೋದೆ. ಅವರು ಇಟಲಿಯಿಂದ ವಿಂಡ್ಸರ್‌ಗೆ ಬಂದು ನೆಲೆಸಿದ ಕುಟುಂಬದವರು, ತಂದೆಯೂ ಟೂಲ್‌ಮೇಕರ್ ಆಗಿದ್ದವರು. ಶುಕ್ರವಾರ ಶಿಫ್ಟ್ ಮುಗಿದ ಮೇಲೆ ಮೇಲಿನ ಕೋಣೆಗೆ ಬಾ, ಸಿಬ್ಬಂದಿ ವಿಭಾಗದವರನ್ನೂ ಕರೆಯುತ್ತೇನೆ ಎಂದರು.

ಆ ಶುಕ್ರವಾರದ ಸಂಜೆಯನ್ನು ನಾನು ಬದುಕಿನಲ್ಲಿ ಮರೆಯಲಾರೆ. ಫೋರ್‌ಮನ್ ಹಳೆಯ ಸೆಟಪ್ ಶೀಟ್‌ಗಳ, ಅಂದರೆ ಪ್ರತಿ ಕೆಲಸಕ್ಕೆ ಯಂತ್ರವನ್ನು ಸಜ್ಜುಮಾಡಿದ ವಿವರಗಳ, ಕಟ್ಟನ್ನೇ ತಂದು ಮೇಜಿನ ಮೇಲಿಟ್ಟಿದ್ದರು. ಒಂದೊಂದನ್ನೇ ತೆಗೆದು, ಈ ಜಾಬ್ ಯಂತ್ರಕ್ಕೆ ಯಾರು ಕಟ್ಟಿದ್ದು, ಡ್ರಾಯಿಂಗ್ ಓದಿ ಅಳತೆಗೆ ಮೂಲವಾಗುವ ಡೇಟಮ್ ನಿರ್ಧರಿಸಿದ್ದು ಯಾರು, ಟೂಲ್‌ನ ಅಳತೆಗೆ ತಕ್ಕಂತೆ ಯಂತ್ರಕ್ಕೆ ಆಫ್‌ಸೆಟ್ ಕೊಟ್ಟವರು ಯಾರು, ಕೊನೆಯಲ್ಲಿ ಸಿಎಂಎಂ ಎಂಬ ಅಳತೆ ಯಂತ್ರದಲ್ಲಿ ಅಳತೆ ತೆಗೆದವರು ಯಾರು ಎಂದು ತಾವೇ ಕೇಳಿ, ತಾವೇ ಉತ್ತರ ಹೇಳಿ, ಸಿಬ್ಬಂದಿ ವಿಭಾಗದ ಮಹಿಳೆಗೆ ಬರೆಯಿಸಿದರು. ಹುದ್ದೆಯ ಹೆಸರು ಒಂದು, ಕೆಲಸದ ವಿವರ ಇನ್ನೊಂದು ಆದರೆ ಸಂಸ್ಥೆಗೆ ತೊಂದರೆಯಾಗದೇ ಎಂಬುದು ಆಕೆಯ ಅಳುಕು, ಅದು ಸಹಜವೂ ಆಗಿತ್ತು. ಫೋರ್‌ಮನ್ ತಾಳ್ಮೆಯಿಂದ ವಿವರಿಸಿದರು: ‘ಒಂದೇ ಭಾಗವನ್ನು ದಿನಕ್ಕೆ ನೂರಾರು ಸಲ ಕೊರೆಯುವ ಕಡೆ ಬಟನ್ ಒತ್ತಿ ನಿಂತರೆ ನಡೆಯುತ್ತದೆ. ಇದು ಮೋಲ್ಡ್ ಶಾಪ್. ಇಲ್ಲಿ ಮಾಡಿದ ಜಾಬ್ ಮತ್ತೆ ಬರುವುದಿಲ್ಲ, ಪ್ರತಿಯೊಂದಕ್ಕೂ ಹೊಸದಾಗಿ ತಲೆ ಓಡಿಸಬೇಕು. ಇವನು ಮಾಡುವುದು ಅದನ್ನೇ.’ ಸರ್ಕಾರದ ವಿವರಣೆಯಲ್ಲೂ ಎರಡು ಸಂಖ್ಯೆಗಳ ನಡುವಿನ ಮುಖ್ಯ ವ್ಯತ್ಯಾಸ ಇದೇ: ಮಷಿನಿಸ್ಟ್‌ನದು ಪುನರಾವರ್ತನೆಯಿಲ್ಲದ ನಿಖರ ಕೆಲಸ, ಆಪರೇಟರ್‌ನದು ಪುನರಾವರ್ತನೆಯ ಕೆಲಸ. ಅವರು ಆ ವಿವರಣೆಯನ್ನು ಓದಿರಲಿಲ್ಲ. ಶಾಪ್ ಅನ್ನು ಬಲ್ಲವರಾದ್ದರಿಂದ ಹೇಳಿದರು.

ಕಡೆಗೆ ಹುದ್ದೆಯ ಹೆಸರನ್ನು ದಾಖಲೆಯಲ್ಲಿದ್ದಂತೆಯೇ ಉಳಿಸಿ, ಕೆಳಗೆ ಕರ್ತವ್ಯಗಳನ್ನು ಇದ್ದದ್ದು ಇದ್ದ ಹಾಗೆ ಬರೆಯುವುದೆಂದಾಯಿತು. ಪ್ರೋಗ್ರಾಮಿಂಗ್ ಎಂಬ ಮಾತು ಬಂದಾಗ ಫೋರ್‌ಮನ್ ಅದನ್ನು ಹೊಡೆದುಹಾಕಿಸಿದರು. ಪ್ರೋಗ್ರಾಂ ಬರೆಯುವವರು ಬೇರೆ ಇದ್ದರು, ನಾನು ಯಂತ್ರದ ಬಳಿ ಸಣ್ಣಪುಟ್ಟ ತಿದ್ದುಪಡಿ ಮಾಡುತ್ತಿದ್ದೆ. ಹಾಗೆಂದೇ ಬರೆಯಿಸಿದರು. ಅದು ನನ್ನ ಒಳಿತಿಗೂ ಆಗಿತ್ತು, ಏಕೆಂದರೆ ಅರ್ಜಿಯಲ್ಲಿ ಸುಳ್ಳು ಮಾಹಿತಿ ಕೊಟ್ಟವರಿಗೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ. ಮಾಡಿದ್ದನ್ನು ಬಿಡದೆ, ಮಾಡದ್ದನ್ನು ಸೇರಿಸದೆ ನನ್ನ ಕೆಲಸವನ್ನು ಅಷ್ಟು ನಿಷ್ಠೆಯಿಂದ ಯಾರಾದರೂ ಕಾಗದಕ್ಕೆ ಇಳಿಸಿದ್ದು ಅದೇ ಮೊದಲು.

ರಾತ್ರಿ ಊರಿಗೆ ಫೋನ್ ಮಾಡಿ ತಂದೆಯವರಿಗೆ ಪತ್ರವನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದೆ. ಎಲ್ಲ ಕೇಳಿ ಅವರು, ‘ಟಾಲರೆನ್ಸ್ ಎಷ್ಟರಾಗ ಹಿಡೀತಿ ಅಂತ ಬರದಾರೇನು?’ ಎಂದರು, ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆಗೆ ಅವಕಾಶ ಎಂಬರ್ಥದಲ್ಲಿ. ‘ಬರದಾರ ಅಪ್ಪಾ, ಅರ್ಧ ಥೌ’ ಎಂದೆ. ‘ಹಂಗಾರ ಯಾರೂ ಇಲ್ಲ ಅನ್ನೂದಿಲ್ಲ ಬಿಡು’ ಎಂದರು. ಹದಿಹರೆಯದಲ್ಲೇ ಲೇತ್ ಹಿಡಿದ ಅವರಿಗೆ ಯಾವ ಸಂಸ್ಥೆಯೂ ಇಂಥ ಪತ್ರ ಕೊಟ್ಟಿರಲಿಲ್ಲ.

ಮುಂದಿನದು ಬೇಗ ಹೇಳಿ ಮುಗಿಸಬಹುದು. ಆಹ್ವಾನ ಬಂದ ಬಳಿಕ ಅರ್ಜಿ ತುಂಬಲು 60 ದಿನಗಳ ಅವಕಾಶ. ಅದರೊಳಗೆ ಪತ್ರ, ಸಂಬಳದ ಚೀಟಿಗಳು, ವರ್ಷದ ಸಂಬಳ, ತೆರಿಗೆ ತೋರಿಸುವ ಟಿ4 ಚೀಟಿ, ಭಾರತದ ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ ಎಲ್ಲವನ್ನೂ ಸೇರಿಸಿ ಕಳಿಸಿದೆ. ಕೆಲಸದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಪಿ.ಆರ್. ದೃಢೀಕರಣ ಬಂತು, ಕಾರ್ಡ್ ಅಂಚೆಯಲ್ಲಿ ಬಂತು.

ಈ ವ್ಯವಸ್ಥೆಯಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಯೂ ಇದೆ. ಮೋಲ್ಡ್ ಶಾಪ್‌ಗಳಲ್ಲಿ ವಾರಕ್ಕೆ 50 ಗಂಟೆ ದುಡಿಯುವುದು ಅಪರೂಪವಲ್ಲ. ಆದರೆ 30ರ ಮೇಲಿನ ಗಂಟೆಗಳು ಲೆಕ್ಕಕ್ಕಿಲ್ಲ, ಎಷ್ಟು ದುಡಿದರೂ ವರ್ಷ ಬೇಗ ತುಂಬುವುದಿಲ್ಲ. ಅದನ್ನಾದರೂ ಒಪ್ಪಬಹುದು, ಯಾರನ್ನೂ ಹೆಚ್ಚು ದುಡಿಸಿ ಅವಸರಪಡಿಸಬಾರದೆಂಬ ನ್ಯಾಯ ಅದರಲ್ಲಿದೆ. ಒಪ್ಪಲಾಗದ್ದು, ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಕುಶಲ ಕೆಲಸವನ್ನು ಸೊನ್ನೆ ಎಂದು ಬಗೆಯುವುದು. ಓದುತ್ತಲೇ ಶಾಪ್‌ನಲ್ಲಿ ಅದೇ ಯಂತ್ರದ ಮೇಲೆ ಅದೇ ಕೆಲಸ ಮಾಡುವವರನ್ನು ನಾನು ಬಲ್ಲೆ. ಅವರು ಕಡಿದ ಉಕ್ಕಿನ ಮೋಲ್ಡ್ ಗ್ರಾಹಕರ ಬಳಿಗೆ ಹೋಗಿದೆ, ಅವರ ಸಂಬಳದಿಂದ ತೆರಿಗೆಯೂ ಕಡಿತವಾಗಿದೆ.

ಈಗ ನಾನು ಕುಶಲ ವೃತ್ತಿಯವರಿಗಿರುವ ರೆಡ್ ಸೀಲ್ ಪರೀಕ್ಷೆಗೆ ಓದುತ್ತಿದ್ದೇನೆ. ಅದು ಪಾಸಾದರೆ ಯಾವ ಪ್ರಾಂತ್ಯದಲ್ಲಾದರೂ ಮಷಿನಿಸ್ಟ್ ಎಂದೇ ಹೇಳಿಕೊಳ್ಳಬಹುದು. ಈ ನಡುವೆ ಬೇರೆ ಶಾಪ್‌ನಲ್ಲಿರುವ ಹುಬ್ಬಳ್ಳಿಯ ಹುಡುಗನೊಬ್ಬ ತನಗೆ ಸಿಕ್ಕ ಪತ್ರವನ್ನು ತಂದು ತೋರಿಸಿದ. ಅದರಲ್ಲೂ ‘ಆಪರೇಟರ್’ ಎಂಬ ಒಂದು ಪದ, ಒಂದು ಸಹಿ. ಕೆಲಸ ಬಿಟ್ಟ ಮೇಲೆ ಇಂಥ ಪತ್ರ ಕೇಳುವುದು ಬಲು ಕಷ್ಟ, ಕೆಲಸದಲ್ಲಿರುವಾಗಲೇ ಕೇಳು ಎಂದೆ. ತಾನು ಕಟ್ಟಿದ ಜಾಬ್‌ಗಳ ಪಟ್ಟಿಯನ್ನು ಭಾನುವಾರ ನನ್ನ ಅಡುಗೆಮನೆಯ ಮೇಜಿನ ಮೇಲೆ ಬರೆದು ಮುಗಿಸಿದ್ದಾನೆ. ಬರುವ ವಾರ ಅವನು ತನ್ನ ಫೋರ್‌ಮನ್ ಬಳಿ ಮಾತನಾಡಲಿದ್ದಾನೆ.