ಹೆಸರು ಅದೇ, ದೇಶ ಬೇರೆ: ಗ್ರೆನಡೀನ್ಸ್ ದ್ವೀಪಗಳಲ್ಲಿ ಮೊಬೈಲ್

ಕೆರಿಬಿಯನ್ ಸಮುದ್ರದ ಯೂನಿಯನ್ ದ್ವೀಪದ ಕ್ಲಿಫ್ಟನ್ ಬಂದರು ಬಿಟ್ಟು ದೋಣಿ ದಕ್ಷಿಣಕ್ಕೆ ತಿರುಗಿದರೆ ಎದುರಿಗೇ ಕ್ಯಾರಿಯಾಕೂ ಗುಡ್ಡಗಳು ಕಾಣುತ್ತವೆ. ಯೂನಿಯನ್ ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್ ದೇಶದ್ದು, ಕ್ಯಾರಿಯಾಕೂ ಗ್ರೆನಡಾಕ್ಕೆ ಸೇರಿದ್ದು. ನಡುವಿನ ನೀರಿನಲ್ಲಿ ಗಡಿಯ ಗುರುತು ಯಾವುದೂ ಇಲ್ಲ. ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದು ದಡ ಸೇರಿದ ಮೇಲೆ. ಜೇಬಿನಲ್ಲಿರುವ ಫೋನ್ ಮಾತ್ರ ಅಷ್ಟರೊಳಗೇ ದೇಶ ಬದಲಿಸಿರುತ್ತದೆ. ಸೇಂಟ್ ವಿನ್ಸೆಂಟ್‌ನ ಸಿಮ್ ಇದ್ದರೆ ಪರದೆಯ ಮೇಲೆ ಮೊದಲೂ ‘ಡಿಜಿಸೆಲ್’ ಎಂದು ಮೊಬೈಲ್ ಕಂಪನಿಯ ಹೆಸರಿತ್ತು, ಈಗಲೂ ‘ಡಿಜಿಸೆಲ್’ ಎಂದೇ ಇದೆ. ಸಿಗ್ನಲ್ ಗೆರೆಗಳ ಪಕ್ಕದಲ್ಲಿ ರೋಮಿಂಗ್ ಸೂಚಿಸುವ ‘ಆರ್’ ಅಕ್ಷರವೊಂದು ಹೊಸದಾಗಿ ಮೂಡಿದೆ, ಅಷ್ಟೇ. ಅದನ್ನು ಗಮನಿಸದಿದ್ದರೆ ರೀಚಾರ್ಜ್ ಮಾಡಿಸಿದ ದುಡ್ಡು ಕ್ಯಾರಿಯಾಕೂದ ಹಿಲ್ಸ್‌ಬರೋ ಜೆಟ್ಟಿ ಮುಟ್ಟುವಷ್ಟರಲ್ಲಿ ಖಾಲಿ.

ಕ್ರಿಕೆಟ್ ನೋಡಿ ಬೆಳೆದ ನಮಗೆ ವೆಸ್ಟ್ ಇಂಡೀಸ್ ಎಂದರೆ ಒಂದೇ ತಂಡ, ಒಂದೇ ಬಾವುಟ. ಮೊಬೈಲ್ ವಿಚಾರದಲ್ಲಿ ಹಾಗಿಲ್ಲ. ಈ ಭಾಗದಲ್ಲಿ ಎಲ್ಲಿ ಹೋದರೂ ಕಾಣುವುದು ಡಿಜಿಸೆಲ್ ಮತ್ತು ಫ್ಲೋ ಎಂಬ ಎರಡೇ ಹೆಸರು. ಆದರೆ ಒಂದೊಂದು ದೇಶದಲ್ಲೂ ಅವಕ್ಕೆ ಪ್ರತ್ಯೇಕ ಪರವಾನಗಿ, ಪ್ರತ್ಯೇಕ ದರ, ಪ್ರತ್ಯೇಕ ಸಿಮ್. ಸೇಂಟ್ ವಿನ್ಸೆಂಟ್, ಗ್ರೆನಡಾ ಎರಡರಲ್ಲೂ ನಡೆಯುವ ಹಣ ಪೂರ್ವ ಕೆರಿಬಿಯನ್ ಡಾಲರ್. 1 ಅಮೆರಿಕನ್ ಡಾಲರಿಗೆ 2.70ರ ದರ 1976ರಿಂದ ಬದಲಾಗಿಲ್ಲ. ಎರಡೂ ದೇಶಗಳ ದೂರಸಂಪರ್ಕದ ಮೇಲೆ ಕಣ್ಣಿಡುವ ಪ್ರಾದೇಶಿಕ ಸಂಸ್ಥೆ ಎಕ್ಟೆಲ್ ಕೂಡ ಒಂದೇ. ಇಷ್ಟೆಲ್ಲ ಹಂಚಿಕೊಂಡರೂ ಸಿಮ್ ಮಾತ್ರ ಬೇರೆ ಬೇರೆ.

ಬೆಂಗಳೂರಿನಿಂದ ಹೊರಡುವವರಿಗೆ ಬಾರ್ಬಡೋಸ್ ಅನುಕೂಲದ ಬಾಗಿಲು. ಹೆಚ್ಚಿನ ವಿಮಾನಗಳು ಅಲ್ಲಿಗೇ ಬರುತ್ತವೆ. ಮೊದಲ ತೊಡಕು ಚಾರ್ಜರಿನದು. ಬಾರ್ಬಡೋಸ್‌ನ ವಿದ್ಯುತ್ 115 ವೋಲ್ಟ್, ಪ್ಲಗ್ಗಿಗೆ ಅಮೆರಿಕದ ಹಾಗೆ ಚಪ್ಪಟೆ ಪಿನ್ನು. ಮುಂದಿನ ನಿಲುಗಡೆಗಳಾದ ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡಾದಲ್ಲಿ 230 ವೋಲ್ಟ್, ಹೆಚ್ಚಾಗಿ ಬ್ರಿಟನ್ನಿನ ದಪ್ಪ ಚೌಕ ಮೂರು ಪಿನ್ನು. ನಮ್ಮ ದುಂಡು ಪಿನ್ನಿನ ಚಾರ್ಜರ್‌ಗೆ ಅಡಾಪ್ಟರ್ ಎರಡೂ ಬಗೆಯದು ಬೇಕು. ಚಾರ್ಜರಿನ ಬೆನ್ನ ಮೇಲೆ ‘100–240’ ಎಂದಿದ್ದರೆ ವೋಲ್ಟೇಜಿನ ಚಿಂತೆ ಬೇಡ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ವಿಮಾನಕ್ಕೆ ಒಪ್ಪಿಸುವ ಸಾಮಾನಿನಲ್ಲಿ ಇಡುವಂತಿಲ್ಲ. 20,000 ಎಂಎಎಚ್‌ನದು ಲೆಕ್ಕದಲ್ಲಿ 74 ವಾಟ್-ಅವರ್ ಆಗುತ್ತದೆ. 100ರ ಮಿತಿಯೊಳಗೇ ಇರುವುದರಿಂದ ತಕರಾರಿಲ್ಲ.

‘ಇಡೀ ಕೆರಿಬಿಯನ್‌ಗೆ ಒಂದೇ’ ಎಂದು ಆನ್‌ಲೈನಿನಲ್ಲಿ ಮಾರುವ ಕೆಲವು ಇ-ಸಿಮ್‌ಗಳ ಮೇಲಿನ ಸಿಟ್ಟು ಸುಲಭಕ್ಕೆ ಆರುವಂಥದ್ದಲ್ಲ. ದೊಡ್ಡ ಅಕ್ಷರದಲ್ಲಿ ಇಪ್ಪತ್ತು ಚಿಲ್ಲರೆ ದೇಶಗಳೆಂದು ಬರೆದಿರುತ್ತಾರೆ. ಕೆಳಗಿನ ಪಟ್ಟಿ ಬಿಡಿಸಿ ನೋಡಿದರೆ ನಾವು ಹೋಗಬೇಕಾದ ಸಣ್ಣ ದೇಶದ ಹೆಸರೇ ಇರುವುದಿಲ್ಲ. ಭಾರತದ ಕಂಪನಿಗಳ ರೋಮಿಂಗ್ ಪ್ಯಾಕಿಗೂ ಇದೇ ಮಾತು. ‘ಕೆರಿಬಿಯನ್’ ಎಂಬ ಪದವನ್ನು ನಂಬಬೇಡಿ. ಬಾರ್ಬಡೋಸ್, ಸೇಂಟ್ ವಿನ್ಸೆಂಟ್, ಗ್ರೆನಡಾ ಎಂದು ಬಿಡಿಬಿಡಿಯಾಗಿ ಹುಡುಕಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಪ್ಯಾಕ್ ಈ ದಾರಿಗೆ ಒದಗುವುದಿಲ್ಲ. ಎರಡು ದಿನಕ್ಕಿಂತ ಹೆಚ್ಚು ನಿಲ್ಲುವ ಕಡೆ ಅಲ್ಲಿಯ ಅಂಗಡಿಯ ಸಿಮ್ಮೇ ವಾಸಿ.

ಬಾರ್ಬಡೋಸಿನಿಂದ ಸೇಂಟ್ ವಿನ್ಸೆಂಟ್‌ಗೆ ಸಣ್ಣ ವಿಮಾನ. ರಾಜಧಾನಿ ಕಿಂಗ್ಸ್‌ಟೌನ್‌ನಲ್ಲಿ ದೋಣಿಕಟ್ಟೆಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಫೋನ್ ಅಂಗಡಿಗಳಿವೆ. ಒಳಗೆ ಕಾಲಿಟ್ಟ ಕೂಡಲೇ ‘ಸಿಮ್ ಬೇಕು’ ಎಂದರೆ ಕೌಂಟರಿನವರ ಮುಖ ಗಂಟಾಗುತ್ತದೆ. ಈ ದ್ವೀಪಗಳಲ್ಲಿ ಮೊದಲು ‘ಗುಡ್ ಮಾರ್ನಿಂಗ್’ ಹೇಳಬೇಕು, ಅವರಿಂದ ಉತ್ತರ ಬರಬೇಕು, ವ್ಯವಹಾರ ಆಮೇಲೆ. ಬೆಂಗಳೂರಿನ ಗಡಿಬಿಡಿಗೆ ಒಗ್ಗಿಹೋದವರಿಗೆ ಈ ನಡವಳಿಕೆ ಬಲು ಹಿತವಾಗುತ್ತದೆ. ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ.

“ಇದು ಬೆಕ್ವೇ ದ್ವೀಪದಲ್ಲಿ ನಡೆಯುತ್ತದಾ?”

“ನಡೆಯುತ್ತೆ. ಬೆಕ್ವೇ, ಯೂನಿಯನ್, ಎಲ್ಲ ನಮ್ಮ ದೇಶವೇ.”

“ಕ್ಯಾರಿಯಾಕೂದಲ್ಲಿ?”

“ಅದು ಗ್ರೆನಡಾ. ಅಲ್ಲಿ ಇನ್ನೊಂದು ತಗೊಳ್ಳಿ.”

ಪಾಸ್‌ಪೋರ್ಟ್ ಕೊಟ್ಟರೆ ಸಿಮ್ ಕೈಗೆ ಬರುತ್ತದೆ. ಇಲ್ಲಿಂದ ಮುಂದಿನ ಕೆಲಸ ಹಿಂದುಮುಂದಾಗಬಾರದು. ಸಿಮ್ ಹಾಕುವ ಮೊದಲೇ ಮೊಬೈಲ್ ಡೇಟಾ ಆಫ್ ಮಾಡಿ. ರೀಚಾರ್ಜ್‌ಗೆ ಅಲ್ಲಿನವರು ಟಾಪ್‌ಅಪ್ ಎನ್ನುತ್ತಾರೆ. ಟಾಪ್‌ಅಪ್ ಮಾಡಿಸಿದ ದುಡ್ಡು ತಾನಾಗಿ ಡೇಟಾ ಪ್ಯಾಕ್ ಆಗುವುದಿಲ್ಲ, ಪ್ಯಾಕನ್ನು ಬೇರೆಯಾಗಿ ಕೊಳ್ಳಬೇಕು. ಆ ನಡುವೆ ಡೇಟಾ ಆನ್ ಇದ್ದರೆ ಫೋಟೊ ಬ್ಯಾಕಪ್, ಆ್ಯಪ್ ಅಪ್‌ಡೇಟ್‌ಗಳು ಬಿಡಿ ದರದಲ್ಲಿ ಹಣ ನುಂಗಲು ಶುರು ಮಾಡುತ್ತವೆ. ಆಮೇಲೆ ಪ್ಯಾಕಿಗೆ ಹಣ ಸಾಲುವುದಿಲ್ಲ. ಪ್ಯಾಕ್ ಖಚಿತವಾದ ಎಸ್‌ಎಂಎಸ್ ಬಂದ ನಂತರವೇ ಡೇಟಾ ಆನ್ ಮಾಡಿ. ವೈಫೈ ಆಫ್ ಮಾಡಿ ಒಂದು ಪುಟ ತೆರೆದು ನೋಡಿ, ಒಂದು ಕರೆ ಮಾಡಿ ನೋಡಿ, ಆಮೇಲೆ ಅಂಗಡಿ ಬಿಡಿ. ಪುಟ ತೆರೆಯದಿದ್ದರೆ ಸಾಮಾನ್ಯವಾಗಿ ದೋಷ ಎಪಿಎನ್‌ನಲ್ಲಿ, ಅಂದರೆ ಫೋನನ್ನು ಇಂಟರ್ನೆಟ್ಟಿಗೆ ಸೇರಿಸುವ ಸೆಟ್ಟಿಂಗ್‌ನಲ್ಲಿ, ಇರುತ್ತದೆ. ಸರಿಯಾದದ್ದನ್ನು ಅವರಿಂದಲೇ ತುಂಬಿಸಿಕೊಳ್ಳಿ.

ಭಾರತದ ಸಿಮ್ ತೆಗೆದು ಪೆಟ್ಟಿಗೆಯಲ್ಲಿ ಇಡಬೇಡಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಎರಡು ಸಿಮ್ಮಿನ ಫೋನಿನಲ್ಲಿ ಅದು ಎರಡನೆಯ ಜಾಗದಲ್ಲಿರಲಿ, ಅದರ ಡೇಟಾ ರೋಮಿಂಗ್ ಆಫ್ ಇರಲಿ, ಎಸ್‌ಎಂಎಸ್‌ಗೆ ಮಾತ್ರ ಜೀವಂತವಾಗಿರಲಿ. ಅದಕ್ಕೆ ಬಂದ ಕರೆ ಎತ್ತಿದರೆ ರೋಮಿಂಗ್ ದರ ಬೀಳುತ್ತದೆ. ಇಲ್ಲಿ ಬೆಳಗಿನ 8 ಗಂಟೆ ಎಂದರೆ ಬೆಂಗಳೂರಿನಲ್ಲಿ ಸಂಜೆ 5.30, ಕರೆಗಳು ಬರುವ ಹೊತ್ತೇ ಅದು. ವಾಟ್ಸ್‌ಆ್ಯಪ್ ‘ನಂಬರ್ ಬದಲಾಯಿತೇ?’ ಎಂದು ಕೇಳಿದರೆ ಹಳೆಯದನ್ನೇ ಉಳಿಸಿಕೊಳ್ಳಿ. ಆ್ಯಪ್ ಮೂಲಕ ಟಾಪ್‌ಅಪ್ ಮಾಡುವುದಿದ್ದರೆ ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ಊರಿನಲ್ಲಿರುವಾಗಲೇ ಬ್ಯಾಂಕ್ ಆ್ಯಪಿನಲ್ಲಿ ತೆರೆದಿಡಬೇಕು. ರಿಸರ್ವ್ ಬ್ಯಾಂಕ್ ನಿಯಮದಂತೆ 2020ರಿಂದ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ.

ಕಿಂಗ್ಸ್‌ಟೌನ್‌ನಿಂದ ಬೆಕ್ವೇಗೆ ಫೆರಿಯಲ್ಲಿ ಸುಮಾರು ಒಂದು ಗಂಟೆ. ಅಡ್ಮಿರಾಲ್ಟಿ ಕೊಲ್ಲಿಯ ಒಳಕ್ಕೆ ಫೆರಿ ತಿರುಗುವಾಗ ಕಾಣುವ ನೋಟಕ್ಕೆ ಈ ದಾರಿಯಲ್ಲಿ ಸಾಟಿಯಿಲ್ಲ. ಫೋನ್ ಒಳಗಿಟ್ಟು ನೋಡಬೇಕಾದ ಜಾಗ ಅದು. ಹಾಗೆ ನೋಡಿದರೆ ಒಳಗಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಫೆರಿಯ ತೆರೆದ ಡೆಕ್ಕಿನ ಮೇಲೆ ಸಿಡಿಯುವ ಉಪ್ಪುನೀರು ಚಾರ್ಜಿಂಗ್ ತೂತಿಗೆ ಹೋಗಿ ಕೂರುತ್ತದೆ. ರಾತ್ರಿ ಕೇಬಲ್ ಚುಚ್ಚಿದಾಗ ತೇವದ ಎಚ್ಚರಿಕೆ ಬಂದರೆ ಬಲವಂತ ಮಾಡಬೇಡಿ. ಒದ್ದೆ ಪಿನ್ನುಗಳಲ್ಲಿ ಕರೆಂಟ್ ಹರಿದರೆ ಉಪ್ಪು ಅವನ್ನು ಬೇಗ ತಿಂದುಹಾಕುತ್ತದೆ. ತೂತು ಕೆಳಮುಖವಾಗುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ ಗಾಳಿಗೆ ಬಿಡಿ. ನೀರು ತಡೆಯುವ ಫೋನ್ ಆದರೆ ಮೊದಲು ಸಿಹಿನೀರಿನಲ್ಲಿ ತೊಳೆಯುವುದು ಒಳ್ಳೆಯದು.

ಯೂನಿಯನ್ ದಾಟಿದ ಮೇಲಿನ ನೀರಿಗೆ ಬರೋಣ. ಸಮುದ್ರದ ಮೇಲೆ ಸಿಗ್ನಲ್‌ಗೆ ಅಡ್ಡ ಬರುವ ಕಟ್ಟಡವಿಲ್ಲ, ಮರವಿಲ್ಲ. ಗುಡ್ಡದ ತುದಿಯ ಟವರ್ ಬಹಳ ದೂರಕ್ಕೆ ಕೇಳಿಸುತ್ತದೆ. ಹಳೆಯ 2ಜಿಯ ಮಿತಿಯೇ 35 ಕಿಲೋಮೀಟರ್. ಗ್ರೆನಡಾಕ್ಕೆ ಸೇರಿದ ಪೆಟೀಟ್ ಮಾರ್ಟಿನಿಕ್‌ಗೂ ಸೇಂಟ್ ವಿನ್ಸೆಂಟ್‌ಗೆ ಸೇರಿದ ಪೆಟೀಟ್ ಸೇಂಟ್ ವಿನ್ಸೆಂಟ್‌ಗೂ ನಡುವೆ ಒಂದು ಮೈಲಿಯೂ ಇಲ್ಲ. ಅಲ್ಲಿ ಲಂಗರು ಹಾಕಿದ ದೋಣಿಯಲ್ಲಿ ಕುಳಿತವರಿಗೆ ಎರಡು ದೇಶಗಳ ಟವರುಗಳೂ ಕೈಗೆಟುಕುವಂತಿರುತ್ತವೆ. ಸೇಂಟ್ ವಿನ್ಸೆಂಟ್‌ನ ಸಿಮ್ ತನ್ನ ಟವರ್ ಸಿಗುತ್ತಿರುವಷ್ಟು ಹೊತ್ತೂ ಅದನ್ನೇ ಹಿಡಿದಿರುತ್ತದೆ, ತಪ್ಪಿದ ಮೇಲಷ್ಟೇ ಆಚೆಯದಕ್ಕೆ ಹಾರುತ್ತದೆ. ಭಾರತದ ಸಿಮ್ಮಿಗೆ ಎರಡೂ ಪರದೇಶವೇ ಆದ್ದರಿಂದ ಆ ನಿಷ್ಠೆ ಇಲ್ಲ. ದೋಣಿ ಅಲೆಯ ಮೇಲೆ ಹೊರಳಿದಂತೆ ಅದು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಹೋಗುತ್ತಲೇ ಇರಬಹುದು.

ತಡೆಯುವ ದಾರಿ ಸೆಟ್ಟಿಂಗ್ಸ್‌ನಲ್ಲಿದೆ. ಮೊಬೈಲ್ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ ನೆಟ್‌ವರ್ಕಿನ ಸ್ವಯಂಚಾಲಿತ ಆಯ್ಕೆ ತೆಗೆದುಹಾಕಿ. ಒಂದೆರಡು ನಿಮಿಷ ಹುಡುಕಿದ ಮೇಲೆ ಪಟ್ಟಿ ಬರುತ್ತದೆ. ಒಂದೇ ಹೆಸರು ಎರಡು ಸಲ ಕಂಡರೆ ಗುರುತು ಹಿಡಿಯಲು ದೇಶದ ಅಂಕಿ ನೆನಪಿರಲಿ: ಸೇಂಟ್ ವಿನ್ಸೆಂಟ್ 360, ಗ್ರೆನಡಾ 352, ಬಾರ್ಬಡೋಸ್ 342. ಕೆಲವು ಫೋನ್‌ಗಳು ಹೆಸರಿನ ಬದಲು ಈ ಅಂಕಿಯಿಂದ ಶುರುವಾಗುವ ಸಂಖ್ಯೆಯನ್ನೇ ತೋರಿಸುತ್ತವೆ. ಬೇಕಾದದ್ದನ್ನು ಆರಿಸಿದರೆ ಫೋನ್ ಅಲ್ಲೇ ನಿಲ್ಲುತ್ತದೆ. ಇದರಲ್ಲೂ ಒಂದು ತೊಡಕು ಇದೆ. ದಡ ಸೇರಿದ ಮೇಲೆ ಸ್ವಯಂಚಾಲಿತಕ್ಕೆ ಮರಳಿಸದಿದ್ದರೆ ಫೋನ್ ಹಿಂದಿನ ದೇಶದ ಟವರನ್ನೇ ಹುಡುಕುತ್ತ ‘ಸೇವೆ ಇಲ್ಲ’ ಎಂದು ಕೂರುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಇಷ್ಟೆಲ್ಲ ಯಾಕೆ ಎನ್ನುವವರು ಕ್ಲಿಫ್ಟನ್‌ನಲ್ಲೇ ಏರೋಪ್ಲೇನ್ ಮೋಡ್ ಹಾಕಿ ಹಿಲ್ಸ್‌ಬರೋದಲ್ಲಿ ತೆಗೆಯಲಿ. ಆಫ್‌ಲೈನ್ ನಕ್ಷೆ ಇಳಿಸಿಕೊಂಡಿದ್ದರೆ ಜಿಪಿಎಸ್ ಆಗಲೂ ದಾರಿ ತೋರಿಸುತ್ತದೆ.

ಕರೆ ಮಾಡುವಾಗಲೂ ಇದೇ ಮೋಸ. ಈ ದ್ವೀಪಗಳ ನಂಬರುಗಳೆಲ್ಲ ಅಮೆರಿಕದ ಹಾಗೆ 1ರಿಂದ ಶುರುವಾಗುತ್ತವೆ. 1-784 ಸೇಂಟ್ ವಿನ್ಸೆಂಟ್, 1-473 ಗ್ರೆನಡಾ, 1-246 ಬಾರ್ಬಡೋಸ್. ನೋಡಲು ಪಕ್ಕದೂರಿನ ಎಸ್‌ಟಿಡಿಯಂತಿದ್ದರೂ ಒಂದರಿಂದ ಇನ್ನೊಂದಕ್ಕೆ ಹೋಗುವುದು ವಿದೇಶಿ ಕರೆ. ಅಮೆರಿಕದಲ್ಲಿರುವ ನಮ್ಮವರಿಗೂ ಇದು ತಿಳಿದಿರಲಿ. ಒಂದು ರಿಂಗ್ ಕೊಟ್ಟು ಕಟ್ ಮಾಡಿ ತಿರುಗಿ ಕರೆಯುವಂತೆ ಮಾಡುವ ವಂಚಕರು ಬಳಸುವ ನಂಬರುಗಳಲ್ಲಿ 473 ಕೂಡ ಒಂದು.

ದೋಣಿ ಹತ್ತದೆ ನೆಲದ ಮೇಲೇ ಫೋನ್ ದೇಶ ಬದಲಿಸುವ ಜಾಗ ಇದೇ ಕೆರಿಬಿಯನ್‌ನ ಸೇಂಟ್ ಮಾರ್ಟಿನ್ ದ್ವೀಪ. 1648ರ ಒಪ್ಪಂದದಿಂದ ಒಂದು ಪಾಲು ಫ್ರಾನ್ಸಿನದು, ಇನ್ನೊಂದು ಪಾಲು ಡಚ್ಚರದು. ರಸ್ತೆಯಲ್ಲಿ ತಪಾಸಣೆ ಇಲ್ಲ, ಆದರೆ ಫ್ರೆಂಚ್ ಕಡೆಯ ಕೋಡ್ 590, ಡಚ್ ಕಡೆಯದು 1-721. ಐರೋಪ್ಯ ಒಕ್ಕೂಟದ ದೇಶಗಳಲ್ಲಿರುವ ಕನ್ನಡಿಗರು ತಮ್ಮ ಸಿಮ್ ಹಿಡಿದು ಹೋದರೆ ಮಾರ್ಟಿನಿಕ್, ಗ್ವಾಡಲೂಪ್, ಸೇಂಟ್ ಮಾರ್ಟಿನ್‌ನ ಫ್ರೆಂಚ್ ಭಾಗದಲ್ಲಿ ಊರಿನ ದರವೇ ನಡೆಯುತ್ತದೆ. ಐರೋಪ್ಯ ಒಕ್ಕೂಟದ ರೋಮಿಂಗ್ ನಿಯಮ ಅಲ್ಲಿಗೂ ಅನ್ವಯಿಸುತ್ತದೆ. ಡಚ್ ಭಾಗ ಒಕ್ಕೂಟದ ಹೊರಗೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೊಂಡ ಸಿಮ್ಮಿಗೂ ಡಚ್ ಭಾಗದಲ್ಲಿ ಆ ನಿಯಮದ ರಕ್ಷಣೆ ಸಿಗುವುದಿಲ್ಲ.

ಹಿಲ್ಸ್‌ಬರೋ ತಲುಪಿದವರಿಗೆ ಬೆರಿಲ್ ಚಂಡಮಾರುತದ ಮಾತು ಕಿವಿಗೆ ಬೀಳದೇ ಇರದು. 2024ರ ಜುಲೈ 1ರಂದು, ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದ ಗಾಳಿಯೊಡನೆ ಅದು ಅಪ್ಪಳಿಸಿದ್ದು ಇದೇ ಕ್ಯಾರಿಯಾಕೂಗೆ. ಎರಡು ದಿನ ಮುಂಚೆ ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಗೆದ್ದಿದ್ದ ಭಾರತ ತಂಡ, ತರಬೇತುದಾರನಾಗಿ ತಮ್ಮ ಕೊನೆಯ ಪಂದ್ಯ ಮುಗಿಸಿದ್ದ ನಮ್ಮ ರಾಹುಲ್ ದ್ರಾವಿಡ್ ಸಹಿತ, ವಿಮಾನವಿಲ್ಲದೆ ಅಲ್ಲೇ ಉಳಿದದ್ದು ನಮಗೆ ನೆನಪಿದೆ. ಕ್ಯಾರಿಯಾಕೂ ಮತ್ತು ಯೂನಿಯನ್‌ನಲ್ಲಿ ಬಹುತೇಕ ಮನೆಗಳೇ ಹಾಳಾದವು, ಕರೆಂಟು ಹೋಯಿತು, ಫೋನ್ ಸತ್ತಿತು. ಬದುಕಿದ್ದೇವೆ ಎಂದು ಹೊರಗಿನವರಿಗೆ ತಿಳಿಸಲೂ ದಾರಿ ಇರಲಿಲ್ಲ.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆಗ ಹೋಗುವವರು ಮುನ್ಸೂಚನೆ ಬಂದ ದಿನವೇ ಊರಿಗೆ ತಿಳಿಸಿಬಿಡಬೇಕು: ಎಲ್ಲಿದ್ದೇವೆ, ಯಾರ ಮನೆ, ಎರಡು ಮೂರು ದಿನ ಸುದ್ದಿ ಬಾರದಿದ್ದರೆ ಗಾಬರಿಯಾಗಬೇಡಿ ಎಂದು. ಟವರ್‌ಗಳಿಗೆ ಜೀವವಿದ್ದರೂ ಎಲ್ಲರೂ ಒಟ್ಟಿಗೆ ಮಾತಾಡಲು ಹೊರಟಾಗ ಕರೆ ಹೋಗುವುದಿಲ್ಲ, ಎಸ್‌ಎಂಎಸ್ ತಡವಾದರೂ ನುಸುಳುತ್ತದೆ. ಮುಖ್ಯ ನಂಬರುಗಳನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ತುರ್ತು ನಂಬರ್ ಗ್ರೆನಡಾದಲ್ಲಿ 911. ಬಾರ್ಬಡೋಸ್‌ನಲ್ಲಿ ಪೊಲೀಸ್ 211, ಅಗ್ನಿಶಾಮಕ 311, ಆಂಬ್ಯುಲೆನ್ಸ್ 511. ದೋಣಿಯಲ್ಲಿದ್ದರೆ ಮೊಬೈಲ್ ನೆಚ್ಚಿಕೊಳ್ಳಬೇಡಿ, ಅಲ್ಲಿ ಸಹಾಯ ಸಿಗುವುದು ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ. ಹೊರಡುವ ಮೊದಲು ಆ ರೇಡಿಯೊ ಎಲ್ಲಿದೆ, ಗುಂಡಿ ಯಾವುದು ಎಂದು ದೋಣಿಯವರಿಂದ ಕೇಳಿ ತಿಳಿದುಕೊಂಡಿರಿ.